ಮಡಿಕೋಲಿಗೆ ಕಟ್ಟಿದ ಗಾಳ

ಮೊನ್ನೆ ಸೊಸೆ ನಿಪ್ಪಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಇಂಗಿನ ವಾಸನೆ ಹಾಲ್‌ವರೆಗೂ ಬಂತು, ನನಗೆ ನಗು ಬಂತು. ಯಾಕತ್ತೆ ಅಂದಳು. ಇಂಗು ಹಾಕಿದ ಹಿಟ್ಟಿನಲ್ಲಿ ಮೀನು ಹಿಡಿದ ಒಬ್ಬರು ನೆನಪಾದರು ಅಂದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಎದುರಿಗೆ ಕೂತಳು.

ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಮನೆಯ ಯಜಮಾನಿಯನ್ನು ಎಲ್ಲರೂ ಓನರಮ್ಮ ಅನ್ನುತ್ತಿದ್ದೆವು. ಮಡಿಯವರು, ಬಾಯಿ ಜೋರು. ಮನೆ ಕೊಡುವಾಗಲೇ ಹೇಳಿದ್ದರು, "ನೀವು ಮಂಗಳೂರು ಕಡೆಯೋರು. ಹೊರಗೆ ಏನಾದ್ರೂ ತಿನ್ಕೊಳ್ಳಿ, ನನ್ನ ಕಾಂಪೌಂಡ್ ಒಳಗೆ ಮೀನಿನ ವಾಸನೆ ಬರಕೂಡ್ದು." ಬರಲೂ ಇಲ್ಲ, ನಾನು ಎರಡನೇ ಸಲ ಬಸುರಿಯಾಗುವವರೆಗೆ.

ಮೊದಲನೆಯದು ನಿಂತಿರಲಿಲ್ಲ. ಈ ಸಲ ನಾಲ್ಕು ತಿಂಗಳಾದರೂ ಒಂದು ತುತ್ತು ದಕ್ಕುತ್ತಿರಲಿಲ್ಲ, ತಿಂದದ್ದೆಲ್ಲ ಬಚ್ಚಲಿಗೆ. ಇದೂ ಉಳಿಯುವುದಿಲ್ಲ ಎಂದು ಒಳಗೊಳಗೇ ಹೆದರಿ ಸಾಯುತ್ತಿದ್ದೆ. ಬೇಕೆನಿಸುತ್ತಿದ್ದುದು ಒಂದೇ, ನಮ್ಮೂರಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅಪ್ಪ ಹಿಡಿಯುತ್ತಿದ್ದ ಮೀನು. ಕೆಸರು ಹೀರಿಕೊಂಡು ತಿರುಗುವ, ಮೆತ್ತನೆ ತುಟಿಯ, ಬೆಳ್ಳಿ ಬಣ್ಣದ್ದು... ನಮ್ಮವರು ಒಂದು ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದರು. ಐಸಿನಲ್ಲಿಟ್ಟ ಮೀನು, ವಾಸನೆಗೇ ಎದ್ದು ಬಂದೆ.

ಇದು ಓನರಮ್ಮನ ಕಿವಿಗೆ ಹೇಗೆ ಬಿತ್ತೋ... ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದರು, "ಆಗ ತಾನೇ ಹಿಡಿದ ಮೀನೇ ಆಗ್ಬೇಕೇನೇ?" ತಲೆಯಾಡಿಸಿದೆ. ಸುಂಕದಕಟ್ಟೆ ಕಡೆ ಕೆರೆಯಿದೆ, ಭಾನುವಾರ ನಾನೇ ಗಾಳ ಹಾಕುತ್ತೇನೆ ಎಂದರು ನಮ್ಮವರು. ಓನರಮ್ಮ ಗದರಿಸಿಬಿಟ್ಟರು. "ಬಸುರಿ ಆದೋಳು ಜೀವ ತೆಗೀಬಾರ್ದು, ಅವಳ ಗಂಡನೂ ತೆಗೀಬಾರ್ದು. ಅಷ್ಟೂ ಗೊತ್ತಿಲ್ವಾ? ನಾನೇ ಹಿಡೀತೀನಿ. ಹೇಗೆ ಅಂತ ಇವಳು ಹೇಳ್ಕೊಡ್ಲಿ. ಪಾಪ ಬಂದ್ರೆ ನನಗೇ ಬರ್ಲಿ."



ಗಾಳ, ದಾರ ನಮ್ಮವರು ಮಾರ್ಕೆಟ್ಟಿನಿಂದ ತಂದರು. ಕೋಲಿಗೆ ಓನರಮ್ಮ ತಮ್ಮ ಮಡಿಕೋಲನ್ನೇ ತೆಗೆದರು. ಮಡಿಬಟ್ಟೆಯನ್ನು ಕೈ ತಾಕಿಸದೆ ಹಗ್ಗದ ಮೇಲೆ ಹರವುವ ಬಿದಿರು ಅದು, ನಾವ್ಯಾರೂ ಮುಟ್ಟುವಂತಿರಲಿಲ್ಲ. "ಹೊಸದು ತರಿಸ್ತೀನಿ ಬಿಡು" ಅಂದರು. ಭಾನುವಾರ ನಾನೂ ಅವರೂ ಹತ್ತಿದ ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರ್ ಕೋಲಿಗೂ ಟಿಕೆಟ್ ತಗೊಳ್ಳಿ ಎಂದು ತಮಾಷೆ ಮಾಡಿದ. ಓನರಮ್ಮ ಒಂದು ಸಲ ನೋಡಿದರು, ತೆಪ್ಪಗಾದ.

ಕೆರೆಯಲ್ಲಿ ನಮ್ಮೂರ ಮೀನು ಎಲ್ಲಿಂದ ಬರಬೇಕು, ಇದ್ದದ್ದು ಗೆಂಡೆ ಮೀನು. ಆದರೆ ಅದರ ತುಟಿಯೂ ಮೆತ್ತಗೆ, ಅದೂ ಹಿಟ್ಟು ತಿನ್ನುತ್ತದೆ. ಹಾಗಾಗಿ ಅಪ್ಪನ ಪಾಠವನ್ನೇ ಒಪ್ಪಿಸಿದೆ. ಮೊದಲು ಒಂದಿಷ್ಟು ಹಿಟ್ಟು ಸುಮ್ಮನೆ ನೀರಿಗೆ ಎರಚಿ, ಅವು ನಂಬಿ ಬರಲಿ. ನೆರಳು ನೀರಿನ ಮೇಲೆ ಬೀಳಬಾರದು. ಗಾಳ ಕಾಣದಷ್ಟೇ ಹಿಟ್ಟು ಸಾಕು. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಮುಳುಗಿತೆಂದು ಜೋರಾಗಿ ಎಳೆಯಬೇಡಿ, ತುಟಿ ಹರಿದುಹೋಗುತ್ತದೆ, ಮೆಲ್ಲಗೆ ಎತ್ತಿ.

ಓನರಮ್ಮ ಮನೆಯಿಂದಲೇ ಹಿಟ್ಟು ಕಲಸಿ ತಂದಿದ್ದರು. ಡಬ್ಬಿಯ ಮುಚ್ಚಳ ತೆಗೆದರೆ ಗಮ್ಮೆಂದು ಇಂಗು, ಉಪ್ಪೂ ಹಾಕಿದ್ದರು. ಇದೆಲ್ಲ ಯಾಕಮ್ಮ ಅಂದೆ. "ಯಾರಿಗೇ ಆಗ್ಲಿ, ಸಪ್ಪೆ ಹಿಟ್ಟು ಹೇಗೆ ಹಾಕೋದು?" ಕೋಲು ಹಿಡಿದು ಕೂತ ಮೇಲೂ ಏನೋ ಗೊಣಗುತ್ತಲೇ ಇದ್ದರು. ಮಾತಾಡಬಾರದು ಅಂದೆ. "ಮೀನಿಗಲ್ಲ ಕಣೇ, ದೇವರಿಗೆ ಹೇಳ್ಕೊಳ್ತಾ ಇದೀನಿ."

ಜೋರಾಗಿ ಎಳೆದು ಎಳೆದು ಕಳೆದುಕೊಂಡರು. ಕೊನೆಗೊಂದು ಬಂತು, ಅಂಗೈ ಅಗಲದ್ದು. ಅದು ಹುಲ್ಲಿನ ಮೇಲೆ ಒದ್ದಾಡುವಾಗ ಅವರು ಕಣ್ಣು ಮುಚ್ಚಿಕೊಂಡರು. ಒದ್ದಾಟ ನಿಂತ ಮೇಲೂ ತೆಗೆಯಲಿಲ್ಲ. ಬೇಡವಾಗಿತ್ತಮ್ಮ ಅಂದೆ. "ಸುಮ್ನಿರು" ಅಂದರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಲೆ ಹೂಡಿ, ಹೊಸ ಮಡಕೆಯಲ್ಲಿ ಸಾರು ಮಾಡಿದೆ. ವಠಾರದವರೆಲ್ಲ ಕಿಟಕಿಯಲ್ಲಿ. ಓನರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನೆದುರಿಗೇ ಕೂತರು. ಸಾರಿಗೆ ಕೆಸರಿನ ವಾಸನೆಯಿತ್ತು. ಆದರೂ ಅನ್ನ ಒಳಗೆ ಹೋಯಿತು, ಒಳಗೇ ನಿಂತಿತು. "ಇನ್ನೊಂಚೂರು ಹಾಕ್ಕೊ" ಎಂದಿತು ಸೆರಗಿನ ಒಳಗಿನ ದನಿ. ನಾನು ಅಳುತ್ತಲೇ ಉಂಡೆ. ಆಮೇಲೆ ಅವರು ತಲೆಗೆ ನೀರು ಹೊಯ್ದುಕೊಂಡರು, ಆ ದಿನವೆಲ್ಲ ಏನೂ ತಿನ್ನಲಿಲ್ಲ. ಮರುದಿನ ನನಗೆ ಗಂಜಿ ದಕ್ಕಿತು, ಆಮೇಲೆ ಊಟವೂ. ಹೊಟ್ಟೆಯಲ್ಲಿದ್ದವನು ಉಳಿದ.

ಕೆಲವು ವರ್ಷಗಳಾದ ಮೇಲೆ ನಾವು ಅಲ್ಲೇ ಹತ್ತಿರದ ಆರ್‌ಪಿಸಿ ಲೇಔಟಿಗೆ ಬಂದೆವು. ಹಬ್ಬಕ್ಕೆ ಓನರಮ್ಮನ ಮನೆಗೆ ಹೋಗುತ್ತಿದ್ದೆ, ಬರುತ್ತಿದ್ದೆ... ಆಮೇಲಾಮೇಲೆ ಅದೂ ಕಡಿಮೆಯಾಯಿತು. ಅವರು ಹೋದ ಸುದ್ದಿ ತಿಳಿದದ್ದು ಕರ್ಮವೆಲ್ಲ ಮುಗಿದ ಮೇಲೆ. ಹೋಗಿ ಅವರ ಮಗಳ ಹತ್ತಿರ ಕೂತೆ. ಕೊನೆಯಲ್ಲಿ ಊಟ ಬಿಟ್ಟುಬಿಟ್ಟಿದ್ದರಂತೆ. "ಏನು ಮಾಡ್ಕೊಟ್ರೂ ಬೇಡ ಅನ್ನೋರು, ತಟ್ಟೆ ತಳ್ಳಿಬಿಡೋರು" ಅಂದಳು.

ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಎಷ್ಟು ದೂರ ಇದ್ದೆ ನಾನು? ಒಂದು ಮಾತು ಹೇಳಿ ಕಳಿಸಿದ್ದರೆ ಓಡಿ ಬರುತ್ತಿದ್ದೆ. ಗದರಿಸಿಯಾದರೂ ನಾಲ್ಕು ತುತ್ತು ತಿನ್ನಿಸುತ್ತಿದ್ದೆ.