ಹೊಸ ಕಣದ ಮೇಲೆ ಬೂಟು

ಇವತ್ತು ಬೆಳಿಗ್ಗೆ ಕಾಫಿ ಒಣಗಿಸುವ ಹೊಸ ಕಣಕ್ಕೆ ಕಾಂಕ್ರೀಟ್ ಹಾಕಿಸಿದೆವು ಮಾರಾಯ್ರೇ. ಮಧ್ಯಾಹ್ನ ಮಂಜು ಸರಿದಾಗ ಅದು ಗಾಳಿಯಾಡದ ಕೆರೆಯ ಹಾಗೆ ಬೂದುನೀಲಿಯಾಗಿ ಮಲಗಿತ್ತು. ನೋಡುತ್ತಾ ನೋಡುತ್ತಾ ನನಗೂ ಜೊಂಪು ಹತ್ತಿತ್ತು.

ಕಟಿಂಗ್ ಮಿಷಿನ್ ತಂದ ಚಂದ್ರಣ್ಣ ಮೊಳೆಯಿಂದ ಅಂಚು ಗೀರಿ ನೋಡಿದ. “ಈಗ್ಲೇ ಗೆರೆ ಕುಯ್ಬೇಕು ಸಾರ್. ಕಾಂಕ್ರೀಟು ಒಣಗ್ತಾ ಬಿರುಕು ಬಿಟ್ಟೇ ಬಿಡ್ತೈತೆ, ನಾವು ಜಾಗ ತೋರ್ಸಿದ್ರೆ ಗೆರೆ ಒಳಗೇ ಬಿಡ್ತೈತೆ. ತಡ ಆದ್ರೆ ತನಗೆ ಬೇಕಾದ ಕಡೆ ಬಿಟ್ಕಂತೈತೆ.”

ಅವನು ಕಾಲಿಡುವಷ್ಟರಲ್ಲಿ ನಮ್ಮ ದೊಡ್ಡಮ್ಮ ಅಡ್ಡ ಬಂದರು. “ಬೂಟು ಹಾಕ್ಕಂಡು ಕಣ ಹತ್ತೀಯೇನೋ? ಲಕ್ಷ್ಮಿ ಕೂರೋ ಜಾಗ ಕಣೋ. ಬಿಚ್ಚು!”

“ಬ್ಲೇಡ್ ತಿರುಗ್ತೈತೆ ಅಮ್ಮೋರೇ. ಬರಿಗಾಲಲ್ಲಿ ನಿಂತ್ರೆ ಬೆರಳೇ ಹೋಗ್ಬುಡ್ತೈತೆ.”

“ಹಂಗಾದ್ರೆ ಕೆಳಗೇ ನಿಂತು ಕುಯ್ಯಿ.”

ಹೀಗೇ ಎರಡು ಗಂಟೆ ಕಳೆಯಿತು. ನಡುವೆ ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿದರು, ಲೋಟ ಇಟ್ಟು ಮತ್ತೆ ಜಗಳಕ್ಕೆ ನಿಂತರು. ಹೆತ್ತೂರಿನ ಕಡೆಯಿಂದ ಒಣಗಾಳಿ ಬೀಸುತ್ತಲೇ ಇತ್ತು. ಕೊನೆಗೆ ಬೂಟಿಗೆ ಹೊಸ ಗೋಣಿಚೀಲ ಸುತ್ತುವುದೆಂದು ನಾನು ರಾಜಿ ಮಾಡಿಸಿದೆ.

ಚಂದ್ರಣ್ಣ ಗೋಣಿಗಾಲಲ್ಲಿ ಕಣ ಹತ್ತಿದವನು ಹಾಗೇ ನಿಂತುಬಿಟ್ಟ. ಈ ಮೂಲೆಯಿಂದ ಆ ಮೂಲೆಗೆ ಕೂದಲೆಳೆಯಂಥ ಬಿರುಕೊಂದು, ಹೊಳೆಯ ಹಾಗೆ ಬಳುಕುತ್ತಾ, ಯಾರಿಗೂ ಹೇಳದೆ ಹಾದುಹೋಗಿತ್ತು.

ದೊಡ್ಡಮ್ಮ ಬಗ್ಗಿ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ನೋಡ್ಲಾ ಚಂದ್ರ, ಕಣ ತಾನೇ ಗೆರೆ ಎಳ್ಕಂಡೈತೆ. ಬೂಟೂ ಹಾಕಿಲ್ಲ!”