ಗಣಿತದಲ್ಲಿಲ್ಲದ ಗೆರೆ

ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಸಿಗುವ ಕೋಣೆಯಲ್ಲಿ ಕೂತು ಒಬ್ಬಾಕೆ ಇಪ್ಪತ್ತೆರಡು ವರ್ಷ ಚುಕ್ಕಿ ಎಣಿಸಿದಳು. ಹೀಗೆಂದರೆ ನೀವು ನಗುತ್ತೀರಿ. ಅಲ್ಲಿನವರೂ ನಗುತ್ತಿದ್ದರು, ಚುಕ್ಕಿಯಕ್ಕ ಎಂದು ಹೆಸರಿಟ್ಟವರೂ ಅವರೇ. ಆ ಕಾರ್ಖಾನೆ ಮಾಡುತ್ತಿದ್ದುದು ಶಾಲೆ ಮಕ್ಕಳ ಗ್ರಾಫ್ ಕ್ಯಾಲ್ಕುಲೇಟರು. ಸಮೀಕರಣ ಒತ್ತಿದರೆ ಅಂಗೈಯಗಲದ ಪರದೆಯ ಮೇಲೆ ಅದರ ಗೆರೆ ಬರೆದು ತೋರಿಸುವ ಯಂತ್ರ. ಆ ಗೆರೆ ಆಗಿರುವುದು ಚುಕ್ಕಿಗಳಿಂದ. ಒಂದು ಚುಕ್ಕಿ ತನ್ನ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಕೂತರೂ ಗೆರೆ ಸುಳ್ಳು ಹೇಳಿದಂತೆ. ಅದನ್ನು ಹಿಡಿಯುವುದೇ ಅವಳ ಕೆಲಸ.

ಅವಳ ಪದ್ಧತಿ ಓಬೀರಾಯನ ಕಾಲದ್ದು. ಹೊಸ ಮಾದರಿ ಬಂದಾಗಲೆಲ್ಲ ಇನ್ನೂರ ಹನ್ನೆರಡು ಗ್ರಾಫುಗಳನ್ನು ಗ್ರಾಫ್ ಹಾಳೆಯ ಮೇಲೆ ಚೂಪು ಪೆನ್ಸಿಲಿನಿಂದ ತಾನೇ ಬರೆಯುತ್ತಿದ್ದಳು. ಆಮೇಲೆ ಭೂತಕನ್ನಡಿ ಹಿಡಿದು ಪರದೆಯ ಚುಕ್ಕಿಗಳನ್ನು ಹಾಳೆಯ ಚುಕ್ಕಿಗಳೊಂದಿಗೆ ತಾಳೆ ನೋಡುತ್ತಿದ್ದಳು. ಎಲ್ಲ ಸರಿ ಕಂಡರೆ ಸಹಿ. ಆ ಸಹಿಯನ್ನೇ ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿ, “ಪರೀಕ್ಷಿಸಲಾಗಿದೆ” ಎಂದು ಪ್ರತಿ ಡಬ್ಬಿಯೊಳಗೂ ಇಡುತ್ತಿದ್ದರು. ಅವಳ ಸಹಿ ಬೀಳದೆ ಒಂದು ಡಬ್ಬಿಯೂ ಗೇಟು ದಾಟಕೂಡದು ಎಂಬುದು ಹಳೆಯ ಮಾಲೀಕರ ಕಟ್ಟಪ್ಪಣೆ. ಅವರು ಸತ್ತು ಎಷ್ಟೋ ವರ್ಷಗಳಾಗಿದ್ದರೂ ಆ ಅಪ್ಪಣೆಯನ್ನು ಅಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹಳೆಯ ಕಪ್ಪುಬಿಳುಪು ಯಂತ್ರದಲ್ಲಿ ಒಂದು ದೋಷವಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯ ಕೇಡೆಲ್ಲ ಅದರದ್ದೇ. ಕೆಲವು ಸಮೀಕರಣಗಳ ಗೆರೆ ಒಂದು ಕಡೆ ಕಡಿದುಹೋಗುತ್ತದೆ. ಎಡಗಡೆಯ ತುಂಡು ಪಾತಾಳಕ್ಕೆ ಇಳಿದುಹೋಗುತ್ತದೆ, ಬಲಗಡೆಯದು ಆಕಾಶದಿಂದ ಇಳಿದು ಬರುತ್ತದೆ, ನಡುವೆ ಏನೂ ಇಲ್ಲ. ಯಂತ್ರಕ್ಕೆ ಈ “ಏನೂ ಇಲ್ಲ” ಎಂಬುದು ತಿಳಿಯುವುದಿಲ್ಲ. ಅದು ಕೆಳಗಿನ ಕೊನೆಯ ಚುಕ್ಕಿಯನ್ನೂ ಮೇಲಿನ ಮೊದಲ ಚುಕ್ಕಿಯನ್ನೂ ಸೇರಿಸಿ ನೆಟ್ಟಗೆ ಒಂದು ಗೆರೆ ಎಳೆದುಬಿಡುತ್ತದೆ. ಗಣಿತದಲ್ಲಿ ಅಂಥ ಗೆರೆಯೇ ಇಲ್ಲ. ಹಳೆಯ ಪರದೆಯಲ್ಲಿ ಅದು ಬಿಚ್ಚಿದ ಹೊಲಿಗೆಯ ಹಾಗೆ ಹರಕುಮುರುಕಾಗಿ ಕಾಣುತ್ತಿತ್ತು. ಮೇಷ್ಟರುಗಳು “ಅದನ್ನ ಬಿಟ್ಟಾಕಿ” ಎನ್ನುತ್ತಿದ್ದರು, ಮಕ್ಕಳು ಬಿಡುತ್ತಿದ್ದರು. ಕೈಪಿಡಿಯ ಎಂಬತ್ತನಾಲ್ಕನೇ ಪುಟದಲ್ಲಿ ಚುಕ್ಕಿಯಕ್ಕನೇ ಬರೆದ ಒಂದು ಸಾಲಿತ್ತು: “ಇಲ್ಲಿ ಕಾಣುವ ನೆಟ್ಟ ಗೆರೆ ಯಂತ್ರದ್ದು, ಗಣಿತದ್ದಲ್ಲ.” ಜೀವಮಾನದಲ್ಲಿ ತನ್ನದೊಂದೇ ವಾಕ್ಯ ಅಚ್ಚಾಗಿದೆ, ಅದೂ ಇನ್ನೊಬ್ಬರ ತಪ್ಪಿನ ಬಗ್ಗೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಅವಳು ಮದುವೆಯಾದದ್ದು ಮೂವತ್ತಾರಕ್ಕೆ, ಹೆಂಡತಿ ತೀರಿಕೊಂಡಿದ್ದ ಒಬ್ಬ ಶಾಲಾ ಬಸ್ಸಿನ ಡ್ರೈವರನ್ನು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಆ ಮನೆಯಲ್ಲಿ ಅವನ ಒಂಬತ್ತು ವರ್ಷದ ಮಗಳೊಬ್ಬಳು ಇದ್ದಳು. ಹುಡುಗಿ ಜಗಳವಾಡಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಬಂದವಳನ್ನು ಗೋಡೆಗೆ ಹೊಸದಾಗಿ ತಗುಲಿಸಿದ ಕ್ಯಾಲೆಂಡರಿನ ಹಾಗೆ ನೋಡಿ ಸುಮ್ಮನಾದಳು. ಎರಡು ವರ್ಷ ಹಾಗೇ ಕಳೆಯಿತು. ಒಂದು ಭಾನುವಾರ ಚುಕ್ಕಿಯಕ್ಕ ಮನೆಗೇ ಕೆಲಸ ತಂದು ಊಟದ ಮೇಜಿನ ಮೇಲೆ ಹಾಳೆ ಹರಡಿದ್ದಳು. ಹುಡುಗಿ ಹಿಂದೆ ಬಂದು ನಿಂತು, “ಇದು ಯಾಕೆ ಇಲ್ಲಿ ಬಗ್ಗುತ್ತೆ?” ಎಂದಳು. ಚುಕ್ಕಿಯಕ್ಕ ಪೆನ್ಸಿಲನ್ನು ಅವಳ ಕೈಗೆ ಕೊಟ್ಟಳು.

ಅಲ್ಲಿಂದ ಮುಂದಿನ ಭಾನುವಾರಗಳೆಲ್ಲ ಆ ಮೇಜಿನ ಮೇಲೇ ನಡೆದವು. ಅಮ್ಮ ಎಂಬ ಮಾತು ಯಾವ ದಿನ ಬಂತೋ ಇಬ್ಬರಿಗೂ ನೆನಪಿಲ್ಲ. ಯಾವುದೋ ಕೋಷ್ಟಕ ತುಂಬುವಾಗ “ಅಮ್ಮ, ರಬ್ಬರ್ ಕೊಡು” ಎಂದು ಬಂದಿರಬೇಕು. ಹದಿನೈದು ತುಂಬುವಷ್ಟರಲ್ಲಿ ಹುಡುಗಿ ಗಣಿತದ ಕಾಲೇಜು ಸೇರಲೇಬೇಕೆಂದು ಹಟ ಹಿಡಿದಿದ್ದಳು. ಅಲ್ಲಿ ಸೀಟು ನಲವತ್ತೇ, ಅಂತಿಮ ಪರೀಕ್ಷೆಯ ಅಂಕವೇ ಅದರ ಬಾಗಿಲು. ತರಗತಿಯಲ್ಲಿ ಮೇಷ್ಟರು ಏನಾದರೂ ಹೇಳಿದರೆ, “ನಮ್ಮಮ್ಮನ್ನ ಕೇಳಿ ಹೇಳ್ತೀನಿ ಸರ್” ಎನ್ನುತ್ತಿದ್ದಳಂತೆ. ಈ ಸುದ್ದಿ ಕೇಳಿದ ದಿನ ಚುಕ್ಕಿಯಕ್ಕ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಸುಖಕ್ಕೆ ಅತ್ತದ್ದು ಅದೊಂದೇ ಸಲ.

ಅದೇ ಹೊತ್ತಿಗೆ ಕಾರ್ಖಾನೆಗೆ ಬಣ್ಣ ಬಂತು. ಹೊಸ ಮುಖ್ಯಸ್ಥರು ಬಣ್ಣದ ಪರದೆಯ ಯಂತ್ರ ಮಾಡಲೇಬೇಕೆಂದರು. ಮಕ್ಕಳ ಫೋನಿಗೆಲ್ಲ ಬಣ್ಣವಿರುವಾಗ ಕ್ಯಾಲ್ಕುಲೇಟರ್ ಮಾತ್ರ ಬೂದಿ ಬಳಿದುಕೊಂಡು ಕೂತರೆ ಯಾರು ಮುಟ್ಟುತ್ತಾರೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿತ್ತು, ಬೇಡವೆನ್ನುವವಳು ಚುಕ್ಕಿಯಕ್ಕನೂ ಅಲ್ಲ. ಮೂರು ಗೆರೆ ಒಂದರ ಮೇಲೊಂದು ಬಿದ್ದಾಗ ಕೆಂಪು ಯಾವುದು, ನೀಲಿ ಯಾವುದು ಎಂದು ತಟ್ಟನೆ ತಿಳಿಯುವುದನ್ನು ಕಂಡು ಅವಳೇ ಮಗುವಿನಂತೆ ಹಿಗ್ಗಿದಳು.

ಆದರೆ ಪರದೆಯ ಚುಕ್ಕಿಗಳು ಹತ್ತು ಪಟ್ಟಿಗಿಂತ ಹೆಚ್ಚಾದವು, ಒಳಗಿನ ಚಿಪ್ ಮಾತ್ರ ಹಳೆಯದೇ. ಒಂದು ಗ್ರಾಫ್ ಬರೆಯಲು ಹನ್ನೊಂದು ಸೆಕೆಂಡ್. ಮುಖ್ಯಸ್ಥರು ಹೌಹಾರಿದರು. ಪ್ರೋಗ್ರಾಮ್ ಬರೆಯುತ್ತಿದ್ದ ಬೋಳುತಲೆಯವನು, ಪಾಪ, ಮೂರು ವಾರ ಒದ್ದಾಡಿ ಒಂದು ಉಪಾಯ ಹುಡುಕಿದ: ಮೂರು ಚುಕ್ಕಿಗೊಂದನ್ನು ಮಾತ್ರ ಲೆಕ್ಕ ಹಾಕುವುದು, ನಡುವಿನವನ್ನು ಸುಮ್ಮನೆ ಸೇರಿಸಿಬಿಡುವುದು. ಹನ್ನೊಂದು ಸೆಕೆಂಡ್ ನಾಲ್ಕಕ್ಕೆ ಇಳಿಯಿತು. ಆ ಸುಳ್ಳು ಗೆರೆ ಇದರಿಂದ ಕೊಬ್ಬಿಬಿಟ್ಟಿತು. ಅದರ ಹರಕುಮುರುಕೆಲ್ಲ ಹೋಗಿ, ದಪ್ಪಗೆ, ನೀಲಿಯಾಗಿ, ನಿಜವಾದ ಗೆರೆಯ ಒಡಹುಟ್ಟಿದ ತಂಗಿಯ ಹಾಗೆ ನಿಂತಿತು. ಭೂತಕನ್ನಡಿಯಲ್ಲಿ ನೋಡಿದರೂ ವ್ಯತ್ಯಾಸ ಕಾಣದು. ಹೊಸ ಯಂತ್ರಕ್ಕೆ ಅಚ್ಚಿನ ಕೈಪಿಡಿಯೂ ಇರಲಿಲ್ಲ. ಎಂಬತ್ತನಾಲ್ಕನೇ ಪುಟ ಅಲ್ಲಿಗೆ ಮುಗಿಯಿತು.

ಚುಕ್ಕಿಯಕ್ಕ ಸಹಿ ಹಾಕಲಿಲ್ಲ.

“ಒಂದು ಗೆರೆಗೆ ಇಷ್ಟು ಪುರಾಣ ಯಾಕಮ್ಮಾ? ಹಳೇದ್ರಲ್ಲೂ ಇತ್ತಲ್ಲ?” ಎಂದರು ಮುಖ್ಯಸ್ಥರು.

“ಇತ್ತು ಸರ್. ಆದ್ರೆ ಅದು ಹರಕಲಾಗಿತ್ತು, ಯಾರೂ ನಂಬ್ತಿರ್ಲಿಲ್ಲ. ಈಗ ಬಣ್ಣ ಬಂದಿದೆ. ಮಕ್ಕಳು ನಂಬಿಬಿಡ್ತಾರೆ.”

“ನಂಬಲಿ ಅಂತ ತಾನೇ ಬಣ್ಣ ಹಾಕಿರೋದು!” ಎಂದು ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ, “ಮೂರು ತಿಂಗಳಲ್ಲಿ ಅಪ್‌ಡೇಟ್ ಬರುತ್ತೆ, ಅದ್ರಲ್ಲಿ ಸರಿ ಮಾಡ್ತೀವಿ. ಪರೀಕ್ಷೆಗೆ ಇನ್ನೂ ಎಂಟು ತಿಂಗಳಿದೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?” ಎಂದರು.

ಹನ್ನೊಂದು ದಿನ ಅವಳು ಜಗ್ಗಲಿಲ್ಲ. ಅಷ್ಟೂ ದಿನ ಊಟದ ಕೋಣೆಯಲ್ಲಿ ಅವಳ ಎದುರಿನ ಕುರ್ಚಿ ಖಾಲಿಯಿತ್ತು. ಎಲ್ಲರ ದುಡಿಮೆಗೂ ಈಕೆ ಅಡ್ಡಗಾಲು ಎಂಬ ಮಾತು ಕೆಳಗಿನ ಪ್ಯಾಕಿಂಗ್ ವಿಭಾಗದವರೆಗೂ ಇಳಿಯಿತು. ಬೋಳುತಲೆಯವನು ಬಂದು, “ಅಕ್ಕಾ, ನನ್ನ ಕೈಲಿ ಇನ್ನು ಆಗಲ್ಲ, ಮನೆಗೆ ಹೋಗಿ ಮಕ್ಕಳ ಮುಖ ನೋಡಿ ಎಷ್ಟು ದಿನ ಆಯ್ತೋ,” ಎಂದು ಕೈಮುಗಿದ. ಇವೆಲ್ಲ ಕಾರಣಗಳೇ. ಆದರೆ ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವಿತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಸಹಿಯಾದರೆ ಮೊದಲ ಡಬ್ಬಿ ಅವಳಿಗೆ ಎಂದು ಮುಖ್ಯಸ್ಥರು ಹೇಳಿದ್ದರು. ಆ ಹುಡುಗಿಯ ಕೈಗೆ ಊರಲ್ಲಿ ಯಾರ ಬಳಿಯೂ ಇಲ್ಲದ್ದನ್ನು ತಾನು ಇಡಬೇಕು, ಆ ಮುಖ ಅರಳುವುದನ್ನು ನೋಡಬೇಕು ಎಂಬ ಆಸೆ ಅವಳ ಕೈ ಹಿಡಿದು ಸಹಿ ಮಾಡಿಸಿತು. ಹನ್ನೆರಡನೇ ದಿನ ಬೆಳಗ್ಗೆ ಡಬ್ಬಿಗಳು ಗೇಟು ದಾಟಿದವು.

ಮುಖವೇನೋ ಅರಳಿತು. ಹುಡುಗಿ ಒಂದಾದ ಮೇಲೊಂದು ಗ್ರಾಫ್ ಬರೆಸಿ, ಅಪ್ಪನನ್ನು ಕರೆದು ತೋರಿಸಿ, ಸಹಿಯ ಚೀಟಿಯನ್ನು ಯಂತ್ರದ ಬೆನ್ನಿಗೆ ಅಂಟಿಸಿಕೊಂಡಳು. ಆಮೇಲೆ ಕೇಳಿದಳು, “ಅಮ್ಮ, ಹಳೇದ್ರಲ್ಲಿ ಒಂದು ಸುಳ್ಳು ಗೆರೆ ಬರ್ತಿತ್ತಲ್ಲ, ಇದ್ರಲ್ಲಿ ಅದು ಸರಿಹೋಗಿದೆಯಾ?”

ಗಂಡ ನೋಡುತ್ತಿದ್ದ. ಹುಡುಗಿ ನಗುತ್ತಿದ್ದಳು. ಮೂರು ತಿಂಗಳಲ್ಲಿ ಹೇಗೂ ನಿಜವಾಗುವ ಮಾತು, ಮೂರು ತಿಂಗಳು ಮೊದಲೇ ಆಡಿದರೆ ಏನಾದೀತು?

“ಹೂಂ, ಸರಿಹೋಗಿದೆ,” ಎಂದಳು ಚುಕ್ಕಿಯಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೂರು ತಿಂಗಳು ಐದಾಯಿತು. ಬಣ್ಣದ ಯಂತ್ರ ಬಿಸಿಬಿಸಿಯಾಗಿ ಮಾರಾಟವಾಗುತ್ತಿತ್ತು. ಮಾರಾಟವಾಗುವ ವಸ್ತುವಿನ ರಿಪೇರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕೊನೆಗೂ ಅಪ್‌ಡೇಟ್ ತಯಾರಾದಾಗ ಪರೀಕ್ಷಾ ಮಂಡಳಿಯ ಸುತ್ತೋಲೆ ಬಂತು: ಮಂಜೂರಾದ ಯಂತ್ರಗಳ ಪ್ರೋಗ್ರಾಮನ್ನು ಪರೀಕ್ಷೆ ಮುಗಿಯುವವರೆಗೆ ಯಾರೂ ಬದಲಿಸಕೂಡದು, ಬದಲಿಸಿದ ಯಂತ್ರಕ್ಕೆ ಕೊಠಡಿಯೊಳಗೆ ಪ್ರವೇಶವಿಲ್ಲ.

ಆಗಲಾದರೂ ಹೇಳಬಹುದಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ ವಾಕ್ಯ, ಅದೂ ತಾನೇ ಹಿಂದೆ ಬರೆದಿದ್ದ ವಾಕ್ಯ. ಆದರೆ ಅದನ್ನು ಹೇಳಬೇಕಾದರೆ “ನಾನು ಅವತ್ತು ಸುಳ್ಳು ಹೇಳಿದೆ” ಎಂಬುದನ್ನೂ ಹೇಳಬೇಕು. ಅತ್ತ ದರಿ, ಇತ್ತ ಪುಲಿ. ನಾಳೆ ಹೇಳಿದರಾಯಿತು ಎಂದು ಮಲಗಿದಳು. ಪಾಠದ ಒತ್ತಡ ಕಡಿಮೆಯಾಗಲಿ ಎಂದಳು. ಅಂಥ ಪ್ರಶ್ನೆ ಬರುವುದು ನೂರಕ್ಕೊಂದು ಎಂದು ಸಮಾಧಾನ ಮಾಡಿಕೊಂಡಳು. ಪರೀಕ್ಷೆಯ ದಿನ ಬೆಳಗ್ಗೆ ಬಾಗಿಲಲ್ಲಿ ನಿಂತು, “ಒಂದು ಮಾತು...” ಎಂದಳು. ಕೆಳಗೆ ಅಪ್ಪ ಬಸ್ಸಿನ ಹಾರನ್ ಒತ್ತುತ್ತಿದ್ದ. “ಬಂದ ಮೇಲೆ ಹೇಳಮ್ಮ,” ಎಂದು ಹುಡುಗಿ ಮೆಟ್ಟಿಲಿಳಿದು ಓಡಿದಳು. ಚುಕ್ಕಿಯಕ್ಕನಿಗೆ ನಿರಾಳವಾಯಿತು. ಆ ನಿರಾಳವನ್ನು ನೆನೆದರೆ ಇವತ್ತಿಗೂ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ನೂರಕ್ಕೊಂದು ಪ್ರಶ್ನೆ ಏಳನೆಯದಾಗಿ ಬಂದಿತ್ತು. ಭಿನ್ನರಾಶಿಯ ಕೆಳಗೆ ಉದ್ದುದ್ದ ಪದಗಳಿದ್ದ ಒಂದು ಸಮೀಕರಣ. ಅದರ ಗೆರೆ ಅಡ್ಡ ಅಕ್ಷವನ್ನು ಎಷ್ಟು ಸಲ ದಾಟುತ್ತದೆ ಎಂಬುದು ಪ್ರಶ್ನೆ. ಅದರ ಉತ್ತರವನ್ನೇ ಹಿಡಿದು ಮುಂದಿನ ನಾಲ್ಕು ಭಾಗಗಳು. ಹುಡುಗಿ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಮೇಜಿನ ಮುಂದೆ ಕೂತಳು. “ನಾನು ಮೂರು ಅಂತ ಬರೆದೆ. ಹೊರಗೆ ಕೈಯಲ್ಲಿ ಲೆಕ್ಕ ಹಾಕಿದವರೆಲ್ಲ ಎರಡು ಅಂತಿದ್ದಾರೆ,” ಎಂದು ಹಾಳೆ ಎಳೆದುಕೊಂಡು ಕೈಯಲ್ಲೇ ಲೆಕ್ಕ ಹಾಕತೊಡಗಿದಳು. ಚುಕ್ಕಿಯಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅದು ಅಲ್ಲೇ ನಿಂತಿತು.

“ಇಲ್ಲಿ ಏನೂ ಇಲ್ಲ,” ಎಂದಳು ಹುಡುಗಿ. ಪೆನ್ಸಿಲ್ ಕೆಳಗಿಟ್ಟು, “ಪರೀಕ್ಷೆಯಲ್ಲೇ ಅನುಮಾನ ಬಂದಿತ್ತಮ್ಮ ನಂಗೆ. ಕೈಯಲ್ಲಿ ಹಾಕಿ ನೋಡೋಣ ಅನ್ಕೊಂಡೆ. ಆಮೇಲೆ, ಸುಳ್ಳು ಗೆರೆ ಇದ್ರಲ್ಲಿ ಬರಲ್ಲ ಅಂತ ನೀನು ಹೇಳಿದೀಯಲ್ಲ, ಹಾಗಾದ್ರೆ ಇದು ನಿಜವಾದ ಗೆರೆನೇ ಇರಬೇಕು ಅಂತ ಬಿಟ್ಟೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದ ಮೆಟ್ಟಿಲುಗಳನ್ನು ಹೇಳುವ ದನಿಯೇ ಅದು. ಆಮೇಲೆ ತಲೆಯೆತ್ತಿ ಕೇಳಿದಳು, “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಹುಡುಗಿ ತಲೆಯಾಡಿಸಿ, ಹಾಳೆಯನ್ನು ಎರಡಾಗಿ ಮಡಿಸಿಟ್ಟು, ಬಟ್ಟೆ ಬದಲಿಸಲು ಎದ್ದುಹೋದಳು.

ಗಣಿತದ ಕಾಲೇಜಿಗೆ ಏಳು ಅಂಕ ಕಡಿಮೆ ಬಿತ್ತು. ಆ ಒಂದು ಪ್ರಶ್ನೆಯಲ್ಲೇ ಹದಿನಾಲ್ಕು ಹೋಗಿದ್ದವು. ಚುಕ್ಕಿಯಕ್ಕ ಮಂಡಳಿಗೆ ಮೂರು ಪತ್ರ ಬರೆದಳು, ತಪ್ಪು ತನ್ನದೆಂದು ಒಪ್ಪಿ, ಸಹಿ ಹಾಕಿ. ಯಂತ್ರವು ಪರೀಕ್ಷಿತವಾದದ್ದು, ಪರೀಕ್ಷಿಸಿದವರ ಸಹಿಯೂ ದಾಖಲೆಯಲ್ಲಿದೆ ಎಂದು ಉತ್ತರ ಬಂತು. ಫಲಿತಾಂಶ ಬಂದ ವಾರವೇ ಅಪ್‌ಡೇಟನ್ನು ಎಲ್ಲ ಯಂತ್ರಗಳಿಗೂ ಹಾಕಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಕಾರ್ಖಾನೆಯಲ್ಲಿ ಅವಳೇ ಕೇಳಿಕೊಂಡು ಆ ಕೋಣೆ ಬಿಟ್ಟು ಉಗ್ರಾಣಕ್ಕೆ ಹೋದಳು. ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಒಮ್ಮೆ ಸಹಿ ಹಾಕಿದವಳು ಯಾವಾಗಲೂ ಹಾಕುತ್ತಾಳೆ, ಅಚ್ಚಾದ ಅವಳ ಸಹಿಯಿದ್ದರೆ ಅವಳಿಲ್ಲದಿದ್ದರೂ ನಡೆಯುತ್ತದೆ ಎಂಬುದು ಅವರಿಗೆ ತಿಳಿದುಹೋಗಿತ್ತು.

ಹುಡುಗಿ ಈಗ ಕಚೇರಿ ಕೆಲಸದ ತರಬೇತಿಗೆ ಹೋಗುತ್ತಾಳೆ. ಮನೆಯಲ್ಲಿ ಮೌನವೇನಿಲ್ಲ. ಅಮ್ಮ ಎಂದೇ ಕರೆಯುತ್ತಾಳೆ, ಊಟ ಬಡಿಸುತ್ತಾಳೆ, ಚುಕ್ಕಿಯಕ್ಕನಿಗೆ ಜ್ವರ ಬಂದರೆ ರಜೆ ಹಾಕಿ ಪಕ್ಕದಲ್ಲಿ ಕೂರುತ್ತಾಳೆ. ಒಂದು ದಿನವಾದರೂ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಚುಕ್ಕಿಯಕ್ಕ ಹಂಬಲಿಸುತ್ತಾಳೆ. ಹುಡುಗಿ ಬೈಯುವುದಿಲ್ಲ.

ಮೊನ್ನೆ ಬೆಳಗ್ಗೆ ಇಬ್ಬರೂ ಒಟ್ಟಿಗೇ ಹೊರಟಿದ್ದರು. ಚಪ್ಪಲಿ ಮೆಟ್ಟಿಕೊಳ್ಳುತ್ತ ಹುಡುಗಿ, “ಗ್ಯಾಸ್ ಆಫ್ ಆಗಿದೆಯಾ?” ಎಂದಳು. “ಹೂಂ, ಆಫ್ ಮಾಡಿದೀನಿ, ನಡಿ,” ಎಂದಳು ಚುಕ್ಕಿಯಕ್ಕ, ಬೀಗ ಕೈಯಲ್ಲಿ ಹಿಡಿದು. ಹುಡುಗಿ ಹಾಕಿಕೊಂಡಿದ್ದ ಚಪ್ಪಲಿ ಬಿಚ್ಚಿ, ಅವಳ ಪಕ್ಕದಿಂದಲೇ ಒಳಗೆ ಹೋಗಿ, ಒಲೆಯ ಗುಂಡಿಯನ್ನು ಕೈಯಿಂದ ಮುಟ್ಟಿ ನೋಡಿ, ಹೊರಗೆ ಬಂದು ಮತ್ತೆ ಚಪ್ಪಲಿ ಹಾಕಿಕೊಂಡಳು. ಚುಚ್ಚಬೇಕೆಂದು ಮಾಡಿದ್ದಲ್ಲ ಅದು. ಮಾಡಿದೆನೆಂಬುದೂ ಅವಳಿಗೆ ತಿಳಿದಿರಲಿಕ್ಕಿಲ್ಲ.

“ಸರಿ, ಬಾಮ್ಮ,” ಎಂದು ಮೆಟ್ಟಿಲಿಳಿದಳು. ಚುಕ್ಕಿಯಕ್ಕ ಬೀಗ ಹಾಕಿ ಅವಳ ಹಿಂದೆ ಇಳಿದಳು.