ಟೀಯಲ್ಲಿ ಮುಳುಗಿದ ಬೆಟ್ಟ

ಯಶವಂತಪುರ ಸ್ಟೇಷನ್, ೧೯೭೬. ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿದ್ದ ತರುಣ ಸರ್ವೇಯರ್ ತಿಂಡಿ ಡಬ್ಬಿಯೊಳಗೆ ಜಲ್ಲಿಕಲ್ಲೊಂದನ್ನು ಇಟ್ಟು, ಬಿಸಿ ಬಿಸಿ ಟೀಯನ್ನು ಅದರ ಸುತ್ತ ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದ. ಒಳ್ಳೆ ಟೀ ಹಾಳಾಯಿತಲ್ಲ ಎನಿಸಿತು ನನಗೆ. ಟೀ ಏರಿದಂತೆಲ್ಲ ಅದರ ಮಟ್ಟಕ್ಕೆ ಕಲ್ಲಿನ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಒಂದೊಂದು ಗೆರೆ ಎಳೆದ. ಹಿಮಾಲಯದ ನಕ್ಷೆ ಮಾಡಲು ಹೊರಟವನು, ಕಳಿಸಿಕೊಡಲು ಬಂದ ಹೆಂಡತಿಗೆ ತನ್ನ ಕೆಲಸ ತೋರಿಸುತ್ತಿದ್ದ.

“ಮೇಲಿಂದ ನೋಡು. ಗೆರೆ ಒತ್ತೊತ್ತಾಗಿದ್ರೆ ಕಡಿದಾದ ಜಾಗ. ದೂರ ದೂರ ಇದ್ರೆ ಆರಾಮಾಗಿ ನಡೀಬಹುದು.”

“ಹಂಗಾದ್ರೆ ಗೆರೆ ದೂರ ಇರೋ ಕಡೆನೇ ಓಡಾಡ್ರೀ.”

ಅವನು ನಕ್ಕ. “ನಾನು ಹೋಗೋ ಕಡೆ ಇನ್ನೂ ಗೆರೆನೇ ಇಲ್ಲ ಕಣೇ. ಎಳೆಯೋಕೇ ಹೋಗ್ತಿರೋದು.”

ರೈಲು ಬಂತು. ಆಕೆ ಕಲ್ಲನ್ನು ಒರೆಸಲು ಹೋದವಳು, ಗೆರೆ ಅಳಿಸೀತೆಂದು ಒದ್ದೆಯಾಗಿಯೇ ಸೆರಗಿನಲ್ಲಿ ಕಟ್ಟಿಕೊಂಡಳು.